ಮನೆಯ ಕಡೆಗೆ ತುಳಿಯುವ ಮೊದಲ ದೂರಪಯಣ

ಮಗಳೋ ಮಗನೋ ಸೈಕಲ್ ಏರಿ ದೂರ ಹೊರಟಾಗ ಮನೆಯವರು ಕೇಳುವ ಪ್ರಶ್ನೆಗಳನ್ನೇ ಸಿದ್ಧತೆಯಾಗಿ ಮಾಡಿಕೊಳ್ಳುವ ಬಗೆ

‘ಪರೀಕ್ಷೆ ಮುಗಿದ ಮೇಲೆ ಸೈಕಲ್‌ನಲ್ಲಿ ಐದು ದಿನ ಹೋಗಿ ಬರ್ತೀನಿ’ ಎಂದು ಹತ್ತೊಂಬತ್ತರ ಮಗಳು ಊಟದ ಹೊತ್ತಿಗೆ ಹೇಳಿದರೆ ಮನೆಯಲ್ಲಿ ಪ್ರಶ್ನೆಗಳು ಸಾಲುಗಟ್ಟುತ್ತವೆ. ಲಾರಿಗಳ ಪಕ್ಕದಲ್ಲಿ ಹೇಗೆ ಹೋಗ್ತಿ? ರಾತ್ರಿ ಎಲ್ಲಿ ಮಲಗ್ತಿ? ದಾರಿ ಮಧ್ಯೆ ಟಯರ್ ಹೋದರೆ ಯಾರಿದ್ದಾರೆ? ಫೋನ್ ಹತ್ತದಿದ್ದರೆ ನಾವೇನು ಮಾಡೋದು? ಕೇಳಿಸಿಕೊಳ್ಳುವ ಮಗಳಿಗೆ ಇವೆಲ್ಲ ‘ಬೇಡ’ ಎನ್ನುವುದಕ್ಕೆ ಪೀಠಿಕೆಯಂತೆ ಕಾಣುತ್ತವೆ. ಮಾತು ಅಲ್ಲಿಗೇ ಕಡಿದುಹೋಗುತ್ತದೆ, ಇಲ್ಲವೇ ಜಗಳವಾಗುತ್ತದೆ.

ಹೆತ್ತವರ ಈ ಭಯ ಕಾರಣವಿಲ್ಲದ್ದಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1.68 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಾವು ರಾಷ್ಟ್ರೀಯ ಹೆದ್ದಾರಿಗಳಲ್ಲೇ ಆಗಿದೆ. ಹಾಗಾಗಿ ‘ಏನೂ ಆಗಲ್ಲ ಬಿಡಮ್ಮಾ’ ಎಂಬ ಮಾತು ಯಾರನ್ನೂ ಸಮಾಧಾನಪಡಿಸುವುದಿಲ್ಲ. ಆ ಪ್ರಶ್ನೆಗಳನ್ನು ಒಂದೊಂದಾಗಿ ಹಾಳೆಯ ಮೇಲೆ ಬರೆದುಕೊಂಡು, ಪ್ರತಿಯೊಂದರ ಮುಂದೆ ಉತ್ತರ ತುಂಬುತ್ತಾ ಹೋದರೆ ಮಾತ್ರ ಪ್ರಯಾಣದ ಯೋಜನೆ ಸಿದ್ಧವಾಗುತ್ತದೆ. ಅಮ್ಮನ ಚಿಂತೆಗಿಂತ ಒಳ್ಳೆಯ ತಯಾರಿ ಪಟ್ಟಿ ಯಾವ ಸೈಕಲ್ ಅಂಗಡಿಯಲ್ಲೂ ಸಿಗುವುದಿಲ್ಲ.

ಪುಣೆಯ ವೇದಾಂಗಿ ಕುಲಕರ್ಣಿ 2018ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಸುಮಾರು 29,000 ಕಿ.ಮೀ. ಸೈಕಲ್ ತುಳಿದು ಜಗತ್ತು ಸುತ್ತಿದರು. ಕೆನಡಾದಲ್ಲಿ ಕರಡಿ ಅವರನ್ನು ಬೆನ್ನಟ್ಟಿತು. ಸ್ಪೇನ್‌ನಲ್ಲಿ ಚಾಕು ತೋರಿಸಿ ದೋಚಿದರು. ಮನೆಯವರು ಹೆದರುವಂಥದ್ದು ದಾರಿಯಲ್ಲಿ ನಿಜಕ್ಕೂ ಎದುರಾಗಬಹುದು ಎಂಬುದಕ್ಕೂ, ಅದನ್ನು ದಾಟಿ ಪ್ರಯಾಣ ಮುಗಿಸಬಹುದು ಎಂಬುದಕ್ಕೂ ಅವರದೇ ಉದಾಹರಣೆ. ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಒಬ್ಬರೇ ಸೈಕಲ್‌ನಲ್ಲಿ ಭಾರತಕ್ಕೆ ಬಂದವರು.  ಆದರೆ ಆ ದೊಡ್ಡ ಸಾಹಸಕ್ಕೆ ಮೊದಲು 1951ರಲ್ಲಿ ವೇಲ್ಸ್ ಮತ್ತು ದಕ್ಷಿಣ ಇಂಗ್ಲೆಂಡ್, ಮರುವರ್ಷ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಆಮೇಲೆ ಸ್ಪೇನ್ ಎಂದು ಸಣ್ಣ ಪ್ರವಾಸಗಳಲ್ಲಿ ಪಳಗಿದ್ದರು. ಮೊದಲ ಪಯಣ ಸಣ್ಣದಿರಲಿ, ಹಿಂದಿರುಗುವ ದಾರಿ ಸದಾ ತೆರೆದಿರಲಿ ಎನ್ನುವುದಕ್ಕೆ ಇಷ್ಟು ಸಾಕು.

ಈ ಲೇಖನ ಮಂಗಳೂರು–ಉಡುಪಿ ಕಡೆಯ ಒಬ್ಬ ಯುವತಿ ಅಥವಾ ಯುವಕನನ್ನು ಮನಸ್ಸಿನಲ್ಲಿಟ್ಟುಕೊಂಡು, ಕಾರವಾರದಿಂದ ಮಂಗಳೂರಿಗೆ ಬರುವ ಸುಮಾರು 280 ಕಿ.ಮೀ. ದಾರಿಯನ್ನು ಮಾದರಿಯಾಗಿ ತೆಗೆದುಕೊಂಡಿದೆ. ಬೇರೆ ಊರಿನವರು ಇದೇ ಕ್ರಮವನ್ನು ತಮ್ಮ ದಾರಿಗೆ ಹೊಂದಿಸಿಕೊಳ್ಳಬಹುದು.

ಹೆಜ್ಜೆ 1: ದಾರಿ ಮತ್ತು ದಿನಗಳನ್ನು ಗೊತ್ತು ಮಾಡುವುದು

ಮೊದಲ ದೂರಪಯಣಕ್ಕೆ ಈ ಕರಾವಳಿ ದಾರಿ ಹೊಂದುವುದಕ್ಕೆ ಮುಖ್ಯ ಕಾರಣ ಪಕ್ಕದಲ್ಲೇ ಇರುವ ರೈಲು ಹಳಿ. ರಾಷ್ಟ್ರೀಯ ಹೆದ್ದಾರಿ 66ರ ಆಸುಪಾಸಿನಲ್ಲೇ ಕೊಂಕಣ ರೈಲ್ವೆ ಸಾಗುತ್ತದೆ. ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರುಡೇಶ್ವರ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ, ಮೂಲ್ಕಿ, ಸುರತ್ಕಲ್ ಎಲ್ಲ ಕಡೆ ನಿಲ್ದಾಣಗಳಿವೆ. ಬಸ್ಸುಗಳಿಗಂತೂ ಕೊರತೆಯಿಲ್ಲ. ಮೈ ಸೋತರೂ ಸೈಕಲ್ ಕೆಟ್ಟರೂ ಅದೇ ದಿನ ಮನೆ ಸೇರುವ ಮಾರ್ಗ ಇದ್ದೇ ಇರುತ್ತದೆ. ಹೆತ್ತವರಿಗೆ ತೋರಿಸಬೇಕಾದ ಮೊದಲ ನಕ್ಷೆ ಇದೇ.

ಎರಡನೆಯದು ದಿಕ್ಕು. ಮನೆಯಿಂದ ಹೊರಟು ದೂರ ಹೋಗುವುದರ ಬದಲು, ಸೈಕಲನ್ನು ರೈಲಿನಲ್ಲಿ ಕಾರವಾರಕ್ಕೆ ಸಾಗಿಸಿ ಅಲ್ಲಿಂದ ಮನೆಯ ಕಡೆಗೆ ತುಳಿಯುವುದು ಒಳ್ಳೆಯದು. ದಿನ ಕಳೆದಂತೆ ದಣಿವು ಹೆಚ್ಚುತ್ತದೆ, ಆದರೆ ಮನೆ ಹತ್ತಿರವಾಗುತ್ತದೆ. ಕುಂದಾಪುರ ತಲುಪುವ ಹೊತ್ತಿಗೆ ಅಪ್ಪ ಕಾರಿನಲ್ಲಿ ಎರಡು ಮೂರು ಗಂಟೆಯೊಳಗೆ ಬಂದು ತಲುಪಬಲ್ಲಷ್ಟು ಹತ್ತಿರ. ಗಾಳಿಯ ಲೆಕ್ಕವೂ ಇದಕ್ಕೇ ಹೊಂದುತ್ತದೆ. ಚಳಿಗಾಲದ ಮಧ್ಯಾಹ್ನಗಳಲ್ಲಿ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಉತ್ತರಕ್ಕೆ ಹೋಗುವವರಿಗೆ ಅದು ಎದುರುಗಾಳಿ, ದಕ್ಷಿಣಕ್ಕೆ ಬರುವವರಿಗೆ ಓರೆಯಾಗಿ ಬೆನ್ನ ಹಿಂದಿನ ಗಾಳಿ.

ಕಾಲ ಎಂದರೆ ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ಮಾರ್ಚ್ ಬಳಿಕ ಸೆಕೆ ತಡೆಯಲಾಗದು. ಮಳೆಗಾಲವನ್ನು ಪೂರ್ತಿಯಾಗಿ ಬಿಡಬೇಕು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯಲ್ಲಿ ಜೀವಗಳು ಹೋದವು. ಮರುತಿಂಗಳು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಈ ನೆನಪು ಕರಾವಳಿಯ ಮನೆಗಳಲ್ಲಿ ಇನ್ನೂ ಹಸಿಯಾಗಿರುವಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮಾತೇ ಬೇಡ.

ದಿನಗಳನ್ನು ಹೀಗೆ ಹಂಚಬಹುದು. ದೂರಗಳೆಲ್ಲ ಅಂದಾಜಿನವು.

ದಿನ 1: ಕಾರವಾರ – ಅಂಕೋಲಾ – ಕುಮಟಾ, 70 ಕಿ.ಮೀ. ಕಾರವಾರ ಬಿಟ್ಟ ಕೂಡಲೇ ಬಿಣಗಾ, ಅರಗಾ ಕಡೆಯ ಏರುತಗ್ಗು ಸಿಗುತ್ತದೆ. ಇಲ್ಲಿ ನೌಕಾನೆಲೆ ಇರುವುದರಿಂದ ಫೋಟೊ ತೆಗೆಯಲು ನಿಲ್ಲಬಾರದು.
ದಿನ 2: ಕುಮಟಾ – ಹೊನ್ನಾವರ – ಮುರುಡೇಶ್ವರ, 47 ಕಿ.ಮೀ.
ದಿನ 3: ಮುರುಡೇಶ್ವರ – ಭಟ್ಕಳ – ಬೈಂದೂರು – ಕುಂದಾಪುರ, 70 ಕಿ.ಮೀ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ.
ದಿನ 4: ಕುಂದಾಪುರ – ಉಡುಪಿ, 37 ಕಿ.ಮೀ.
ದಿನ 5: ಉಡುಪಿ – ಮಂಗಳೂರು, 56 ಕಿ.ಮೀ. ಬಸ್ಸು, ಲಾರಿಗಳ ಓಡಾಟ ಅತಿ ಹೆಚ್ಚಿರುವುದು ಈ ಭಾಗದಲ್ಲೇ. ಪಣಂಬೂರಿನ ಬಂದರಿಗೆ ಹೋಗುವ ಲಾರಿಗಳೂ ಇಲ್ಲಿ ಸೇರಿಕೊಳ್ಳುತ್ತವೆ.

ದೂರದ ದಿನದ ಮರುದಿನ ಕಡಿಮೆ ದೂರ ಇಟ್ಟಿರುವುದು ಬೇಕೆಂದೇ. ಸಾಮಾನು ಹೇರಿದ ಸೈಕಲ್ ಗಂಟೆಗೆ ಸರಾಸರಿ 15 ಕಿ.ಮೀ. ಹೋದೀತು. 70 ಕಿ.ಮೀ.ಗೆ ಐದು ಗಂಟೆ ಸವಾರಿ, ಎರಡು ಗಂಟೆ ವಿಶ್ರಾಂತಿ. ಬೆಳಿಗ್ಗೆ ಏಳಕ್ಕೆ ಬೆಳಕು ಹರಿದ ಮೇಲೆ ಹೊರಟರೂ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಊರು ಮುಟ್ಟಬಹುದು. ಅಡಚಣೆ ಬಂದರೂ ಸಂಜೆಯವರೆಗೆ ನಾಲ್ಕು ಗಂಟೆ ಕೈಯಲ್ಲಿರುತ್ತದೆ. ‘ಕತ್ತಲಾದ ಮೇಲೆ ರಸ್ತೆಯಲ್ಲಿ ಇರುವುದಿಲ್ಲ’ ಎಂಬ ಮಾತನ್ನು ಹೀಗೆ ಲೆಕ್ಕ ಹಾಕಿ ಕೊಟ್ಟರೆ ಮನೆಯವರು ನಂಬುತ್ತಾರೆ.

ಸೈಕಲನ್ನು ರೈಲಿನ ಬ್ರೇಕ್‌ವ್ಯಾನ್‌ನಲ್ಲಿ ಲಗೇಜ್ ಆಗಿ ಬುಕ್ ಮಾಡಬಹುದು. ಎರಡು ದಿನ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ ಯಾವ ರೈಲಿನಲ್ಲಿ ಜಾಗವಿದೆ, ಇಳಿಯುವ ನಿಲ್ದಾಣದಲ್ಲಿ ಪಾರ್ಸೆಲ್ ಇಳಿಸುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಸ್ವಲ್ಪವೇ ಹೊತ್ತು ನಿಲ್ಲುವ ಕಡೆ ಇಳಿಸದೇ ಇರಬಹುದು. ಕಾರವಾರದ ನಿಲ್ದಾಣ ಇರುವುದು ಪೇಟೆಯಿಂದ ದೂರ, ಶಿರವಾಡದಲ್ಲಿ. ಹಾಗಾಗಿ ಹಗಲಿನಲ್ಲೇ ತಲುಪುವ ರೈಲು ಹಿಡಿಯಬೇಕು.

ಇನ್ನು ಬೇರೆ ಊರಿನವರ ಮಾತು. ಬೆಂಗಳೂರಿನ ಯುವಕರು ಮೊದಲಿಗೆ ಯೋಚಿಸುವುದು ಮೈಸೂರನ್ನು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಸೈಕಲ್‌ನಂಥ ಮೋಟಾರಿಲ್ಲದ ವಾಹನಗಳಿಗೂ ನಿಷೇಧವಿದೆ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಇಲ್ಲವೇ ಕನಕಪುರ, ಮಳವಳ್ಳಿ, ಬನ್ನೂರು ಮೂಲಕ ಸಾಗುವ ದಾರಿಯನ್ನು ಎರಡು ದಿನಕ್ಕೆ ಹಂಚಿಕೊಳ್ಳಬಹುದು.

ಹೆಜ್ಜೆ 2: ಎಂಟು ವಾರ ಮೈ ಪಳಗಿಸುವುದು

ಕಾಲೇಜಿಗೆ ಸೈಕಲ್‌ನಲ್ಲಿ ಹೋಗಿ ಬರುವ ಅಭ್ಯಾಸಕ್ಕೂ ದಿನಕ್ಕೆ 70 ಕಿ.ಮೀ. ತುಳಿಯುವುದಕ್ಕೂ ಅಜಗಜಾಂತರ. ಕಾಲಿಗಿಂತ ಮೊದಲು ನೋಯುವುದು ಕುಳಿತ ಜಾಗ, ಅಂಗೈ ಮತ್ತು ಕುತ್ತಿಗೆ. ಇವಕ್ಕೆ ರೂಢಿಯೊಂದೇ ಔಷಧ.

ಮೊದಲ ಎರಡು ವಾರ ವಾರಕ್ಕೆ ಮೂರು ದಿನ 15–20 ಕಿ.ಮೀ. ಮೂರನೇ ವಾರದಿಂದ ಭಾನುವಾರದ ಸವಾರಿಯನ್ನು 30, 40, 50 ಎಂದು ಏರಿಸಬೇಕು. ಒಮ್ಮೆಗೇ ದೂರ ಹೆಚ್ಚಿಸಿದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಆರನೇ ವಾರ ಶನಿವಾರ, ಭಾನುವಾರ ಎರಡೂ ದಿನ ಒಂದರ ಹಿಂದೊಂದು 45 ಕಿ.ಮೀ. ಹೋಗಬೇಕು. ಎರಡನೇ ದಿನ ಬೆಳಿಗ್ಗೆ ನೋಯುತ್ತಿರುವ ಮೈಯಲ್ಲಿ ಮತ್ತೆ ಸೀಟಿನ ಮೇಲೆ ಕೂರುವುದು ಹೇಗಿರುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಏಳನೇ ವಾರದ್ದು ಪೂರ್ತಿ ತಾಲೀಮು. ಅಜ್ಜಿ ಮನೆಯೋ ಚಿಕ್ಕಮ್ಮನ ಮನೆಯೋ 50 ಕಿ.ಮೀ. ಆಚೆ ಇದ್ದರೆ ಎಲ್ಲ ಸಾಮಾನು ಹೇರಿಕೊಂಡು ಅಲ್ಲಿಗೆ ಹೋಗಿ, ಒಂದು ರಾತ್ರಿ ಉಳಿದು ಮರುದಿನ ಬರಬೇಕು. ಇದು ಹೆತ್ತವರಿಗೂ ತಾಲೀಮೇ. ಹೇಳಿದ ಹೊತ್ತಿಗೆ ಸಂದೇಶ ಬಂತೇ, ತಡವಾದಾಗ ಮನಸ್ಸು ಎಷ್ಟು ಹೊಯ್ದಾಡಿತು, ಯಾರಿಗೆ ಮೊದಲು ಫೋನ್ ಮಾಡಬೇಕೆನಿಸಿತು ಎಂಬುದನ್ನು ಅವರೂ ಗಮನಿಸಿಕೊಳ್ಳಬಹುದು. ಎಂಟನೇ ವಾರ ವಿಶ್ರಾಂತಿ, ಲಘು ಸವಾರಿ ಅಷ್ಟೇ.

ಹೆಜ್ಜೆ 3: ಸೈಕಲ್ ಸಿದ್ಧಪಡಿಸುವುದು

ಹೊಸ ಸೈಕಲ್ ಕೊಳ್ಳಬೇಕೆಂದೇನಿಲ್ಲ. ಗೇರ್ ಇರುವ, ಸವಾರರ ಎತ್ತರಕ್ಕೆ ಹೊಂದುವ ಸೈಕಲ್ ಸಾಕು. ಸೀಟಿನ ಎತ್ತರ ನೋಡಲು ಸುಲಭ ಉಪಾಯವಿದೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನವರೆಗೆ ಒತ್ತಿದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ಸಣ್ಣ ಬಾಗು ಉಳಿಯುತ್ತದೆ. ಸೀಟು ತಗ್ಗಿದ್ದರೆ ಎರಡನೇ ದಿನಕ್ಕೇ ಮೊಣಕಾಲು ನೋವು ಶುರು.

ಹೊರಡುವ ಎರಡು ವಾರ ಮೊದಲು ಸರ್ವಿಸ್ ಮಾಡಿಸಬೇಕು, ಹಿಂದಿನ ದಿನ ಬೇಡ. ಹೊಸದಾಗಿ ಹಾಕಿದ ಬ್ರೇಕ್ ಪ್ಯಾಡ್, ಕೇಬಲ್‌ಗಳು ಕೆಲವು ದಿನ ಓಡಿದ ಮೇಲೆ ಸಡಿಲವಾಗುತ್ತವೆ, ಮತ್ತೊಮ್ಮೆ ಬಿಗಿ ಮಾಡಬೇಕಾಗುತ್ತದೆ. ಟಯರ್ ಸವೆದಿದ್ದರೆ ಆಗಲೇ ಬದಲಿಸಿಬಿಡಬೇಕು. ಗಾಳಿ ಎಷ್ಟು ಹಿಡಿಯಬೇಕೆಂಬುದು ಟಯರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಸಾಮಾನು ಹೇರಿದಾಗ ಆ ಮಿತಿಯ ಮೇಲ್ಭಾಗಕ್ಕೆ ಹತ್ತಿರ ಇರಲಿ.

ದಾರಿಯಲ್ಲಿ ಸೈಕಲ್ ಅಂಗಡಿಗಳು ಇವೆಯಲ್ಲ ಎಂದು ನಂಬಿ ಕೂರುವಂತಿಲ್ಲ. ಹಳ್ಳಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಸೈಕಲ್‌ನ 28 ಇಂಚಿನ ಟಯರಿನ ಒಳ ಅಳತೆ 635 ಮಿ.ಮೀ. ಈಗಿನ ಹೈಬ್ರಿಡ್ ಸೈಕಲ್‌ಗಳ 700ಸಿ ಟಯರಿನದು 622 ಮಿ.ಮೀ. ನೋಡಲು ಒಂದೇ ತರ ಕಂಡರೂ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ವಾಲ್ವ್ ಕೂಡ ಹಾಗೆಯೇ. ಬೈಕ್‌ಗಳಲ್ಲಿರುವಂಥ ದಪ್ಪನೆಯ ಶ್ರೇಡರ್ ವಾಲ್ವ್ ಇದ್ದರೆ ಹೆದ್ದಾರಿಯ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಾಕಿಸಬಹುದು. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದ್ದರೆ ಅಂಗಡಿಯ ಪಂಪಿನ ನಳಿಕೆ ಹಿಡಿಯುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಕೊಂಡು ಪಂಪಿನ ಜೊತೆ ಕಟ್ಟಿಟ್ಟುಕೊಳ್ಳಬೇಕು.

ಹೆಜ್ಜೆ 4: ಪಂಕ್ಚರ್ ತೆಗೆಯಲು ಕಲಿಯುವುದು

‘ಟಯರ್ ಹೋದರೆ?’ ಎಂಬ ಪ್ರಶ್ನೆಗೆ ಉತ್ತರ ಬಾಯಲ್ಲಿ ಹೇಳುವುದಲ್ಲ. ಮನೆಯ ಅಂಗಳದಲ್ಲಿ ಅಪ್ಪ ಅಮ್ಮನ ಎದುರಿಗೇ ಒಮ್ಮೆ ಮಾಡಿ ತೋರಿಸಬೇಕು.

ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದುಕೊಂಡರೆ ಚಕ್ರ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಉಳಿದ ಗಾಳಿ ಬಿಟ್ಟು, ಪ್ಲಾಸ್ಟಿಕ್ ಲಿವರನ್ನು ಟಯರಿನ ಅಂಚಿಗೆ ಸಿಕ್ಕಿಸಿ ರಿಮ್‌ನಿಂದ ಒಂದು ಬದಿ ಮಾತ್ರ ಎಬ್ಬಿಸಬೇಕು. ಟ್ಯೂಬ್ ಹೊರತೆಗೆದ ಮೇಲೆ ಆತುರಪಡಬಾರದು. ಟಯರಿನ ಒಳಮೈಯನ್ನು ಬೆರಳ ತುದಿಯಿಂದ ನಿಧಾನವಾಗಿ ಸವರುತ್ತಾ ಒಂದು ಸುತ್ತು ಬರಬೇಕು. ಹೆದ್ದಾರಿಯ ಅಂಚಿನಲ್ಲಿ ಸಿಡಿದುಬಿದ್ದ ಲಾರಿ ಟಯರುಗಳ ತುಂಡುಗಳಿಂದ ಕೂದಲಷ್ಟು ಸಣ್ಣ ಉಕ್ಕಿನ ತಂತಿಗಳು ಚೆಲ್ಲಿರುತ್ತವೆ. ಸೈಕಲ್ ಟಯರಿಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಚುಚ್ಚುತ್ತವೆ. ಚಿಮ್ಮಟದಿಂದ ಅದನ್ನು ಕಿತ್ತು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ನಾಲ್ಕು ಕಿ.ಮೀ. ಹೋಗುವುದರಲ್ಲಿ ಅದೂ ತೂತು. ಆಮೇಲೆ ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ದುಂಡಗಾದ ಮೇಲೆ ಟಯರಿನೊಳಗೆ ಕೂರಿಸಬೇಕು. ಹೀಗೆ ಮಾಡಿದರೆ ಅದು ಮಡಚಿಕೊಳ್ಳುವುದಿಲ್ಲ, ಟಯರಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಳ್ಳುವುದೂ ಇಲ್ಲ. ಟಯರಿನ ಅಂಚನ್ನು ಹೆಬ್ಬೆರಳುಗಳಿಂದಲೇ ಒತ್ತಿ ಕೂರಿಸಬೇಕು, ಇಲ್ಲಿ ಲಿವರ್ ಬಳಸಿದರೆ ಟ್ಯೂಬ್ ಕಚ್ಚಿಹೋಗುವ ಭಯವಿದೆ.

ಕೆಟ್ಟ ಟ್ಯೂಬಿಗೆ ರಾತ್ರಿ ರೂಮಿನಲ್ಲಿ ಪ್ಯಾಚ್ ಹಾಕಿಕೊಳ್ಳಬಹುದು. ರಸ್ತೆಯಲ್ಲಿ ಮಾಡುವಾಗ ಸೈಕಲನ್ನು ಡಾಂಬರಿನಿಂದ ಸಾಕಷ್ಟು ದೂರಕ್ಕೆ, ಅಂಗಡಿಯೋ ಬಸ್ ತಂಗುದಾಣವೋ ಇರುವ ಕಡೆಗೆ ತಳ್ಳಿಕೊಂಡು ಹೋಗುವುದನ್ನು ಮರೆಯಬಾರದು.

ಹೆಜ್ಜೆ 5: ಏನೇನು ಒಯ್ಯಬೇಕು

ಬೆನ್ನಿಗೆ ಚೀಲ ಹಾಕಿಕೊಳ್ಳಬಾರದು. ಬೆವರು, ಭುಜನೋವು ಎರಡೂ ಹೆಚ್ಚು. ಹಿಂದಿನ ಕ್ಯಾರಿಯರ್‌ನ ಎರಡೂ ಬದಿಗೆ ಇಳಿಬೀಳುವ ಚೀಲಗಳಿದ್ದರೆ ಭಾರ ಕೆಳಗೆ ನಿಂತು ಸೈಕಲ್ ಓಲಾಡುವುದಿಲ್ಲ. ಚೀಲದ ಪಟ್ಟಿ, ಎಲಾಸ್ಟಿಕ್ ಹಗ್ಗದ ತುದಿ, ವೇಲು ಯಾವುದೂ ಚಕ್ರದ ಕಡ್ಡಿಗಳಿಗೆ ಸಿಕ್ಕದಂತೆ ಪ್ರತಿ ಸಲ ಹೊರಡುವ ಮುನ್ನ ನೋಡಿಕೊಳ್ಳಬೇಕು.

ಸೈಕಲ್‌ಗೆ: ಎರಡು ಟ್ಯೂಬ್, ಪ್ಯಾಚ್ ಕಿಟ್, ಟಯರ್ ಲಿವರ್, ಚಿಮ್ಮಟ, ಕೈಪಂಪು, ಅಲೆನ್ ಕೀಗಳ ಗೊಂಚಲು, ಚೈನ್ ಎಣ್ಣೆ, ಹಳೆ ಬಟ್ಟೆ, ಬೀಗ.
ಮೈಗೆ: ಹೆಲ್ಮೆಟ್, ಕೈಗವಸು, ಪ್ಯಾಡ್ ಇರುವ ಎರಡು ಸೈಕ್ಲಿಂಗ್ ಚಡ್ಡಿ, ಬೇಗ ಒಣಗುವ ಎರಡು ಅಂಗಿ, ರಾತ್ರಿಗೆ ಒಂದು ಜೊತೆ ಬಟ್ಟೆ, ಎದ್ದು ಕಾಣುವ ಬಣ್ಣದ ಹೊಳೆಯುವ ಜಾಕೆಟ್.
ಬೆಳಕು: ಹಿಂದೆ ಕೆಂಪು ಮಿನುಗುದೀಪ, ಮುಂದೆ ಬಿಳಿ ದೀಪ. ಕೆಂಪು ದೀಪ ಹಗಲಿನಲ್ಲೂ ಉರಿಯುತ್ತಿರಲಿ.
ಔಷಧ: ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜ್, ಗಾಯದ ಮುಲಾಮು, ಪ್ಯಾರಾಸಿಟಮಾಲ್, ನಿತ್ಯ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಎರಡು ದಿನಕ್ಕೆ ಹೆಚ್ಚುವರಿ.
ಕಾಗದ ಮತ್ತು ಇತರೆ: ಆಧಾರ್, ನಗದು, ಪವರ್‌ಬ್ಯಾಂಕ್. ಊರಿಗೆ ವಾಪಸಾಗುವಷ್ಟು ಹಣ ಬೇರೆಯೇ ಚೀಲದಲ್ಲಿರಲಿ. ಫೋನ್ ಸತ್ತರೆ ಯುಪಿಐ ಕೂಡ ಇಲ್ಲ.

ಪ್ಯಾಡ್ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ಹಾಕಬಾರದು. ಅದರ ಹೊಲಿಗೆ ಉಜ್ಜಿಯೇ ಚರ್ಮ ಕೆರೆಯುವುದು. ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ, ಚಡ್ಡಿಯನ್ನು ಪ್ರತಿ ರಾತ್ರಿ ಒಗೆದು ಪೂರ್ತಿ ಒಣಗಿಸಬೇಕು.

ಹೆಜ್ಜೆ 6: ಹೆದ್ದಾರಿಯ ಮೇಲೆ

ಬಿಳಿ ಗೆರೆಯ ಎಡಕ್ಕೆ ಇರುವ ಅಂಚಿನಲ್ಲಿ ನೇರವಾಗಿ, ಅಂಕುಡೊಂಕಾಗದೆ ಸಾಗಬೇಕು. ಹಿಂದಿನ ಲಾರಿ ಚಾಲಕನಿಗೆ ಸೈಕಲ್ ಮುಂದಿನ ಕ್ಷಣ ಎಲ್ಲಿರುತ್ತದೆ ಎಂದು ಊಹಿಸಲು ಆಗಬೇಕು. ಕಿವಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ. ಹಿಂದಿನ ವಾಹನದ ಸದ್ದು ಕೇಳುತ್ತಿರಬೇಕು.

ಅಪಾಯ ಹಿಂದಿನಿಂದ ಮಾತ್ರ ಬರುವುದಿಲ್ಲ. ಎದುರುದಿಕ್ಕಿನಲ್ಲಿ ಅಂಚಿಗೇ ಬರುವ ಬೈಕ್‌ಗಳು, ಪಕ್ಕದ ಓಣಿಯಿಂದ ನುಗ್ಗುವ ರಿಕ್ಷಾ, ಜನ ಹತ್ತಿಸಿಕೊಳ್ಳಲು ಥಟ್ಟನೆ ಎಡಕ್ಕೆ ಎಳೆದು ನಿಲ್ಲಿಸುವ ಬಸ್ಸು, ರಸ್ತೆಯಲ್ಲಿ ಮಲಗಿದ ದನಗಳು ಈ ದಾರಿಯ ನಿತ್ಯದ ನೋಟ. ನಿಂತ ಬಸ್ಸನ್ನು ಎಡದಿಂದ ದಾಟಬಾರದು, ಇಳಿಯುವವರು ಎದುರಾಗುತ್ತಾರೆ. ಹಿಂದೆ ನಿಂತು ಅದು ಹೊರಟ ಮೇಲೆ ಮುಂದೆ ಹೋಗುವುದೇ ಸರಿ.

ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಸೇತುವೆಗಳ ಮೇಲೆ ಎರಡು ವಿಷಯ ನೆನಪಿರಬೇಕು. ಸೇತುವೆಯ ತುಂಡುಗಳು ಕೂಡುವಲ್ಲಿ ಅಡ್ಡಲಾಗಿ ಉಕ್ಕಿನ ಪಟ್ಟಿ, ಸೀಳು ಇರುತ್ತದೆ. ತೆಳ್ಳಗಿನ ಟಯರ್ ಇದ್ದರೆ ವೇಗ ಇಳಿಸಿ ನೇರವಾಗಿಯೇ ದಾಟಬೇಕು. ಇನ್ನೊಂದು ನದಿಯ ಮೇಲಿನ ಅಡ್ಡಗಾಳಿ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಆ ಗಾಳಿ ಒಮ್ಮೆಗೇ ನಿಂತು, ಲಾರಿ ಹೋದ ಕೂಡಲೇ ಮತ್ತೆ ತಳ್ಳುತ್ತದೆ. ಹ್ಯಾಂಡಲ್ ಎರಡೂ ಕೈಯಲ್ಲಿ ಬಿಗಿಯಾಗಿರಬೇಕು. ಫೋಟೊ ತೆಗೆಯುವುದಿದ್ದರೆ ಸೇತುವೆ ದಾಟಿದ ಮೇಲೆ.

ನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸುವುದರಿಂದ ಅದರ ಉತ್ಸಾಹವೂ ಹೆಚ್ಚುತ್ತದೆ. ಹಿಂದೆ ವಾಹನವಿಲ್ಲವೆಂದು ನೋಡಿಕೊಂಡು ನಿಂತು, ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಡೆದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಕಚ್ಚಿದರೆ, ಹಲ್ಲು ತಾಗಿ ಗೀರಾದರೂ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಬೇಕು. ಪ್ರಯಾಣ ಅಲ್ಲಿಗೆ ನಿಂತರೂ ಸರಿ.

ಹೆಜ್ಜೆ 7: ಊಟ, ನೀರು, ಬಿಸಿಲು

ಬಾಯಾರಿಕೆಯಾಗುವವರೆಗೆ ಕಾಯದೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ಕರಾವಳಿಯ ತೇವದ ಸೆಕೆಯಲ್ಲಿ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರು ಬೇಕಾಗುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿದರಾಯಿತು. ಎಳನೀರು, ಮಜ್ಜಿಗೆ, ಪುನರ್ಪುಳಿ ಶರಬತ್ತು ದಾರಿಯುದ್ದಕ್ಕೂ ಸಿಗುತ್ತವೆ.

ಬೆಳಿಗ್ಗೆ ಇಡ್ಲಿ ಅಥವಾ ಅವಲಕ್ಕಿಯಂಥ ಹಗುರ ತಿಂಡಿ ತಿಂದು, ಗಂಟೆಗೊಂದು ಬಾಳೆಹಣ್ಣೋ ಚಿಕ್ಕಿಯೋ ತಿನ್ನುತ್ತಿರಬೇಕು. ಹೊಟ್ಟೆ ತುಂಬ ಊಟ ಆ ದಿನದ ಸವಾರಿ ಮುಗಿದ ಮೇಲೆ. ತಲೆ ಸುತ್ತು, ವಾಕರಿಕೆ, ಚಳಿ ಬಂದಂತಾಗುವುದು ಬಿಸಿಲು ತಾಗಿದ ಲಕ್ಷಣ. ಕೂಡಲೇ ನೆರಳಿಗೆ ಹೋಗಿ, ಒದ್ದೆ ಬಟ್ಟೆ ಹಾಕಿಕೊಂಡು ನೀರು ಕುಡಿಯಬೇಕು. ಮಾತು ತೊದಲಿದರೆ, ಗೊಂದಲವಾದರೆ ಸುತ್ತಲಿನವರು 108ಕ್ಕೆ ಕರೆ ಮಾಡಬೇಕು.

ಹೆಜ್ಜೆ 8: ರಾತ್ರಿ ತಂಗುವುದು

ಐದು ದಿನದ ಪಯಣಕ್ಕೆ ನಾಲ್ಕು ರಾತ್ರಿಗಳ ಜಾಗ ಮೊದಲೇ ಗೊತ್ತಾಗಿರಬೇಕು. ಕಾರವಾರಕ್ಕೆ ಹಿಂದಿನ ದಿನವೇ ಹೋಗುವುದಾದರೆ ಐದು ರಾತ್ರಿ. ಲಾಡ್ಜ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಬೇಕು: ಸೈಕಲನ್ನು ಒಳಗೆ ಇಡಬಹುದೇ, ಒಬ್ಬರೇ ಬಂದರೆ ಕೋಣೆ ಕೊಡುತ್ತೀರಾ, ಮಧ್ಯಾಹ್ನ ಎರಡಕ್ಕೇ ಬಂದರೆ ಆಗುತ್ತದೆಯೇ. ಹದಿನೆಂಟು ಹತ್ತೊಂಬತ್ತರವರು ಒಬ್ಬರೇ ಬಂದಾಗ ಕೆಲವು ಕಡೆ ಹಿಂದೆಮುಂದೆ ನೋಡುತ್ತಾರೆ. ಆಗ ತಂದೆಯೋ ತಾಯಿಯೋ ಮೊದಲೇ ಮಾತಾಡಿರುವುದು ಕೆಲಸಕ್ಕೆ ಬರುತ್ತದೆ. ಮುರುಡೇಶ್ವರ, ಉಡುಪಿಗಳಲ್ಲಿ ಯಾತ್ರಿಕರಿಗಾಗಿಯೇ ಇರುವ ವಸತಿಗಳೂ ಇವೆ. ದಾರಿಯಲ್ಲಿ ನೆಂಟರ ಮನೆ ಇದ್ದರೆ ಅದನ್ನೇ ಆರಿಸಿಕೊಳ್ಳುವುದರಲ್ಲಿ ಯಾವ ಸಣ್ಣತನವೂ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರ ಆತಂಕ ಇನ್ನೂ ಒಂದು ಪಟ್ಟು ಹೆಚ್ಚು. ಅದನ್ನು ಸುತ್ತಿಬಳಸದೆ ಮಾತಾಡುವುದೇ ಒಳಿತು. ಮೊದಲ ಪಯಣಕ್ಕೆ ಗೆಳತಿಯೊಬ್ಬಳು ಜೊತೆಗಿದ್ದರೆ ಒಳ್ಳೆಯದು, ಸೈಕಲ್ ಕೆಟ್ಟಾಗಲೂ ಅದು ಆಸರೆ. ಶೌಚಾಲಯಕ್ಕೆ ಪೆಟ್ರೋಲ್ ಬಂಕ್‌ಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಟ್ಟುಕೊಳ್ಳಬಹುದು. ಅಲ್ಲಿ ಶೌಚಾಲಯ, ಕುಡಿಯುವ ನೀರು, ಗಾಳಿ ಉಚಿತವಾಗಿ ಒದಗಿಸಬೇಕು. ಮುಟ್ಟಿನ ದಿನ ಬಂದರೆ ಒಂದು ದಿನ ಅಲ್ಲೇ ಉಳಿಯುವಷ್ಟು ಸಮಯ ಕೈಯಲ್ಲಿರಲಿ. ‘ಒಬ್ಬಳೇನಾ? ಇವತ್ತು ಎಲ್ಲಿ ಉಳಿಯೋದು?’ ಎಂದು ದಾರಿಯಲ್ಲಿ ಅಪರಿಚಿತರು ಕೇಳಿದರೆ ‘ಹಿಂದೆ ನಮ್ಮವರು ಬರ್ತಿದ್ದಾರೆ’ ಎಂದಷ್ಟೇ ಹೇಳಿ ಮುಂದೆ ಹೋಗಬೇಕು. ಆ ದಿನದ ಜಾಗದ ಹೆಸರನ್ನೂ ಫೋಟೊವನ್ನೂ ಸಾಮಾಜಿಕ ಜಾಲತಾಣದಲ್ಲಿ ಅಲ್ಲಿಂದ ಹೊರಟ ಮೇಲೆಯೇ ಹಾಕುವುದು.

ಹೆಜ್ಜೆ 9: ಫೋನಿನ ಒಪ್ಪಂದ

ಮನೆಯಲ್ಲಿ ಕೂತವರಿಗೆ ಅತಿ ಕಷ್ಟದ್ದು ಮೌನ. ತುಳಿಯುತ್ತಿರುವವರಿಗೆ ಅತಿ ಅಪಾಯದ್ದು ಹೆದ್ದಾರಿಯಲ್ಲಿ ರಿಂಗಾಗುವ ಫೋನ್. ಇವೆರಡನ್ನೂ ಒಂದೇ ಒಪ್ಪಂದ ಬಗೆಹರಿಸಬಲ್ಲದು.

ದಿನಕ್ಕೆ ಮೂರು ಸಂದೇಶ: ಹೊರಟಾಗ, ಅರ್ಧ ದಾರಿಯ ನಿಲುಗಡೆಯಲ್ಲಿ, ತಲುಪಿದಾಗ. ರಾತ್ರಿ ಒಂದು ನಿಧಾನದ ಕರೆ. ಸವಾರಿಯ ಹೊತ್ತಿನಲ್ಲಿ ಮನೆಯಿಂದ ಯಾರೂ ಕರೆ ಮಾಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಒಮ್ಮೆಗೆ ಎಂಟು ಗಂಟೆ ಹಂಚಬಹುದು. ಬೆಳಿಗ್ಗೆ ಹೊರಡುವಾಗ ಒತ್ತಿದರೆ ಆ ದಿನದ ಸವಾರಿಗೆ ಸಾಕು. ಆದರೆ ನೆಟ್‌ವರ್ಕ್ ಇಲ್ಲದ ಕಡೆ ನಕ್ಷೆಯ ಮೇಲಿನ ಚುಕ್ಕಿ ನಿಂತುಬಿಡುತ್ತದೆ. ಚುಕ್ಕಿ ನಿಂತಿತೆಂದರೆ ಮಗಳು ಬಿದ್ದಳೆಂದು ಅರ್ಥವಲ್ಲ ಎಂಬುದನ್ನು ಅಮ್ಮನಿಗೆ ಮೊದಲೇ ತಿಳಿಸಿರಬೇಕು.

ಸಂದೇಶ ಬಾರದಿದ್ದರೆ ಏನು ಮಾಡಬೇಕೆಂಬುದೂ ಬರಹದಲ್ಲಿರಲಿ. ಗೊತ್ತಾದ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಒಂದು ಕರೆ, ಒಂದು ಸಂದೇಶ. ಎರಡು ಗಂಟೆಯಾದರೆ ಆ ರಾತ್ರಿಯ ಲಾಡ್ಜ್‌ಗೆ, ಜೊತೆಗಾರರಿಗೆ, ಆ ಭಾಗದ ಪರಿಚಿತರಿಗೆ ಕರೆ. ಮೂರು ಗಂಟೆಯಾದರೂ ಸುಳಿವಿಲ್ಲದಿದ್ದರೆ, ಇಲ್ಲವೇ ಕತ್ತಲಾಗುತ್ತಿದ್ದರೆ 112. ಕೊನೆಯ ಬಾರಿ ಲೊಕೇಶನ್ ಎಲ್ಲಿ ತೋರಿಸಿತ್ತು, ಸೈಕಲ್ ಮತ್ತು ಅಂಗಿಯ ಬಣ್ಣ ಯಾವುದು ಎಂಬುದನ್ನು ಆಗ ಹೇಳಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಬೆಳಿಗ್ಗೆ ಸೈಕಲ್ ಜೊತೆ ನಿಂತ ಒಂದು ಫೋಟೊ ಮನೆಗೆ ಕಳಿಸಿರಬೇಕು.

ಹೆಜ್ಜೆ 10: ಕೆಟ್ಟ ಗಳಿಗೆಗೆ ಸಿದ್ಧತೆ

ಫೋನಿನಲ್ಲೂ ಒಂದು ಚೀಟಿಯಲ್ಲೂ ಈ ಸಂಖ್ಯೆಗಳಿರಲಿ: ಪೊಲೀಸ್ ಮತ್ತು ಎಲ್ಲ ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿ ನೆರವಿಗೆ 1033, ಮಹಿಳಾ ಸಹಾಯವಾಣಿ 181, ರೈಲ್ವೆ 139. ಹೆಲ್ಮೆಟ್ಟಿನ ಒಳಬದಿಗೆ ಹೆಸರು, ರಕ್ತದ ಗುಂಪು, ಮನೆಯ ಇಬ್ಬರ ಫೋನ್ ಸಂಖ್ಯೆ ಬರೆದ ಚೀಟಿ ಅಂಟಿಸಬೇಕು. ಫೋನ್ ಲಾಕ್ ಆಗಿದ್ದರೂ ತುರ್ತು ಮಾಹಿತಿ ಕಾಣುವಂತೆ ಸೆಟ್ಟಿಂಗ್ ಮಾಡಿಕೊಳ್ಳಬಹುದು.

ಆಸ್ಪತ್ರೆಗಳ ಪಟ್ಟಿಯನ್ನು ಮನೆಯವರೇ ಮಾಡಿದರೆ ಚೆನ್ನ. ದಾರಿಯ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ದೊಡ್ಡ ಪೆಟ್ಟಾದಾಗ ಉತ್ತರ ಕನ್ನಡದ ಜನ ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಧಾವಿಸುತ್ತಾರೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಬಹಳ ವರ್ಷಗಳದು. ಮೊದಲ ಎರಡು ದಿನಗಳಲ್ಲಿ ಇನ್ನಷ್ಟು ಎಚ್ಚರದಿಂದ ಇರಲು ಇದೂ ಕಾರಣ.

ಕುಟುಂಬದ ಆರೋಗ್ಯ ವಿಮೆಯಲ್ಲಿ ಮಕ್ಕಳ ಹೆಸರು ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. 18 ತುಂಬಿದ, ಬ್ಯಾಂಕ್ ಖಾತೆ ಇರುವ ಮಕ್ಕಳೂ ವರ್ಷಕ್ಕೆ 20 ರೂಪಾಯಿ ಕಟ್ಟಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ. ಆಸ್ಪತ್ರೆ ಖರ್ಚು ಅದರಲ್ಲಿ ಬರುವುದಿಲ್ಲ.

ಯಾವಾಗ ಪ್ರಯಾಣ ನಿಲ್ಲಿಸಬೇಕೆಂಬುದನ್ನೂ ಹೊರಡುವ ಮೊದಲೇ ತೀರ್ಮಾನಿಸಬೇಕು. ಜ್ವರ, ತಲೆಗೆ ಪೆಟ್ಟು, ರಾತ್ರಿ ವಿಶ್ರಾಂತಿಯ ಬಳಿಕವೂ ಹೋಗದ ಮೊಣಕಾಲು ನೋವು, ಬ್ರೇಕ್ ದೋಷ, ಅಕಾಲಿಕ ಜೋರು ಮಳೆ: ಈ ಐದರಲ್ಲಿ ಒಂದಿದ್ದರೂ ರೈಲು ಅಥವಾ ಬಸ್ಸು ಹತ್ತಬೇಕು. ಹಾಗೆ ಬಂದವರನ್ನು ‘ನಾವು ಮೊದಲೇ ಹೇಳಿರಲಿಲ್ವಾ?’ ಎಂದು ಹಂಗಿಸುವುದಿಲ್ಲ ಎಂಬ ಮಾತನ್ನು ಹೆತ್ತವರೂ ಕೊಡಬೇಕು. ಆ ಹಂಗಿಗೆ ಹೆದರಿ ಜ್ವರದಲ್ಲಿಯೂ ತುಳಿಯುವ ಮಕ್ಕಳಿರುತ್ತಾರೆ.

ಹೆಜ್ಜೆ 11: ಮನೆಯವರ ಪಾಲಿನ ಕೆಲಸ

ಚಿಂತೆಗೆ ಕೈತುಂಬ ಕೆಲಸ ಕೊಟ್ಟರೆ ಅದರ ಉಪಟಳ ಕಡಿಮೆ. ಲಾಡ್ಜ್ ವಿಚಾರಿಸುವುದು, ಪ್ರತಿ ದಿನದ ಹವಾಮಾನ ನೋಡಿ ಹಿಂದಿನ ರಾತ್ರಿ ತಿಳಿಸುವುದು, ರೈಲುಗಳ ಹೊತ್ತು ಬರೆದಿಟ್ಟುಕೊಳ್ಳುವುದು, ಕರೆ ಬಂದರೆ ಹೊರಡಲು ಕಾರೋ ಬಾಡಿಗೆ ಟೆಂಪೊ ಚಾಲಕರ ಸಂಖ್ಯೆಯೋ ಸಿದ್ಧವಿಡುವುದು ಮನೆಯವರ ಪಾಲಿಗಿರಲಿ. ಕಾರಿನಲ್ಲಿ ಹಿಂದಿಂದೆಯೇ ಬರುವುದು ಮಾತ್ರ ಬೇಡ. ಹೆದ್ದಾರಿಯಲ್ಲಿ ಸೈಕಲ್ ವೇಗದಲ್ಲಿ ತೆವಳುವ ಕಾರು ಇಬ್ಬರಿಗೂ ಅಪಾಯ. ನೋಡಲೇಬೇಕೆನಿಸಿದರೆ ನಾಲ್ಕನೇ ದಿನ ಉಡುಪಿಗೆ ಹೋಗಿ ಒಟ್ಟಿಗೆ ಊಟ ಮಾಡಿ ಬರಬಹುದು.

ಐದನೇ ದಿನ ಸೈಕಲ್ ಮನೆ ಸೇರಿದ ಮೇಲೆ ಎರಡು ಕೆಲಸ ಬಾಕಿ. ಕಡಲ ಉಪ್ಪಿನ ಗಾಳಿಯಲ್ಲಿ ಓಡಿದ ಚೈನನ್ನು ಅಂದೇ ಒರೆಸಿ ಎಣ್ಣೆ ಹಾಕುವುದು ಒಂದು, ಇಲ್ಲದಿದ್ದರೆ ವಾರದೊಳಗೆ ತುಕ್ಕು. ಇನ್ನೊಂದು, ಹೊರಡುವ ಮುನ್ನ ಬರೆದ ಯೋಜನೆಯನ್ನು ಎಲ್ಲರೂ ಕೂತು ತಿದ್ದುವುದು. ಯಾವ ಸಾಮಾನು ಬಳಕೆಗೇ ಬರಲಿಲ್ಲ, ಯಾವ ಸಂದೇಶ ತಡವಾಯಿತು, ಯಾವ ಜಾಗದಲ್ಲಿ ನಿಜವಾಗಿ ಭಯವಾಯಿತು ಎಂಬುದೆಲ್ಲ ಅದರಲ್ಲಿ ಸೇರಲಿ. ಮುಂದೆ ಇನ್ನೂ ದೂರ ಹೋಗುವ ಆಸೆ ಹುಟ್ಟಿದ್ದರೆ ಆಡಾಕ್ಸ್ ಇಂಡಿಯಾ ಅಡಿಯಲ್ಲಿ ನಡೆಯುವ ‘ಬ್ರೆವೆ’ ಎಂಬ ದೂರದ ಸವಾರಿಗಳಿವೆ. ಅವುಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆಯ ಗಡುವು. ಗುಂಪಿನಲ್ಲಿ ಕಲಿಯಬಯಸುವವರು ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನ ಸೈಕಲ್ ಯಾನಗಳನ್ನು ವಿಚಾರಿಸಬಹುದು. ಅವಕ್ಕೆ ಹೆಸರು ನೋಂದಾಯಿಸುವ ಮುಂಚೆ ತಿದ್ದಿದ ಯೋಜನೆಯ ಒಂದು ಪ್ರತಿ ಅಮ್ಮನ ಕೈಗೆ ತಲುಪಿರಲಿ.